ನಾಳೆ ಆ ಹುಡುಗಿಗೆ ಏನು ಹೇಳ್ತೀರ?

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಅವರೇಕಾಳಿನಷ್ಟು ದೊಡ್ಡ ಬಿಳಿ ಕಲೆಯೊಂದಿತ್ತು. ಸೋಲ್ಡರಿಂಗ್ ಮಾಡುವಾಗ ಸುಟ್ಟುಕೊಂಡದ್ದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿ, ಅದು ಬಾಗಿಲು ಮುಚ್ಚಿದ ಮೇಲೆ ದಾಸರಹಳ್ಳಿಯ ನಮ್ಮ ಹೈಸ್ಕೂಲಿಗೆ ಲ್ಯಾಬ್ ಅಟೆಂಡರ್ ಆಗಿ ಬಂದಿದ್ದರು. ನಾನು ಅಲ್ಲಿ ವಿಜ್ಞಾನದ ಟೀಚರು. ಎಂ.ಎಸ್ಸಿ. ಓದಿದವಳೆಂಬ ಜಂಬ ಬೇರೆ. ಸರ್ಕ್ಯೂಟನ್ನು ಬೋರ್ಡಿನ ಮೇಲೆ ಅಂದವಾಗಿ ಬಿಡಿಸುತ್ತಿದ್ದೆ, ಕೈಯಾರೆ ಜೋಡಿಸಿದ್ದು ಮಾತ್ರ ಒಂದೆರಡು ಸಲ.

ಮಕ್ಕಳು ಅವರನ್ನು ಆಂಟಿ ಎನ್ನುತ್ತಿದ್ದರು, ನಾನು ಅಟೆಂಡರಮ್ಮ ಎನ್ನುತ್ತಿದ್ದೆ. ಮಾಕಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಬರುವ ಮುಂಚೆ ನಮ್ಮ ಲ್ಯಾಬಿನ ಸಾಮಾನೆಲ್ಲ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಏನಾದರೂ ಒಡೆದರೆ ಹೆಡ್‌ಮಾಸ್ಟರಿಗೆ ಉತ್ತರ ಕೊಡುವವಳು ನಾನು. ಹಾಗಾಗಿ ನಾನು ಮಾಡಿ ತೋರಿಸುವುದು, ಮುಂದಿನ ಬೆಂಚಿನವರು ಬರೆದುಕೊಳ್ಳುವುದು, ಹಿಂದಿನ ಬೆಂಚಿನವರು ಅವರದನ್ನು ನೋಡಿ ಬರೆಯುವುದು. ಇವರು ಬಂದ ವಾರದಲ್ಲೇ ಬೀಗ ತೆಗೆಸಿದರು. ಮೀಟರನ್ನೂ ವೈರನ್ನೂ ಎತ್ತಿಕೊಂಡು ನೇರ ಕೊನೆಯ ಬೆಂಚಿಗೆ ಹೋಗಿ, "ಮುಟ್ಟು, ಕಚ್ಚಲ್ಲ. ಕೆಟ್ರೆ ನಾನಿದೀನಿ" ಎನ್ನುತ್ತಿದ್ದರು. ಕೆಟ್ಟದ್ದೂ ಉಂಟು. ಕೆಟ್ಟದ್ದನ್ನು ಕೆಡಿಸಿದವರ ಕೈಯಲ್ಲೇ ರಿಪೇರಿ ಮಾಡಿಸುತ್ತಿದ್ದರು.

ಹಾಗೆ ಕೊನೆಯ ಬೆಂಚಿನಿಂದ ಎದ್ದು ಬಂದವಳು ನಸ್ರೀನ್. ಒಂಬತ್ತನೇ ಕ್ಲಾಸು. ಮನೆಯಲ್ಲಿ ದಖ್ಖನಿ ಉರ್ದು, ತರಗತಿಯಲ್ಲಿ ಮೌನ. ಶಾಲೆ ಬಿಟ್ಟ ಮೇಲೆ ಅಟೆಂಡರಮ್ಮನ ಪಕ್ಕ ಕೂತು ಸೋಲ್ಡರಿಂಗ್ ಕಲಿತು, ನೀರಿನ ಟ್ಯಾಂಕು ತುಂಬಿದರೆ ಕೂಗುವ ಅಲಾರಂ ಮಾಡಿದಳು. ವಿಜ್ಞಾನ ಮೇಳಕ್ಕೆ ಅದನ್ನೇ ಆರಿಸಿದೆ. ಅವತ್ತೇ ಅವಳು ನನ್ನ ಹತ್ತಿರ ಮೊದಲ ಸಲ ತಾನಾಗಿ ಮಾತಾಡಿದ್ದು.

"ಮಿಸ್, ಹತ್ತನೇದು ಆದ್ಮೇಲೆ ಓದು ಸಾಕು ಅಂತಾರೆ ನಮ್ಮ ಅಬ್ಬಾ. ಮೇಳದಲ್ಲಿ ನನ್ನ ಹೆಸ್ರು ಬಂದ್ರೆ ಡಿಪ್ಲೊಮಾಗೆ ಕಳಿಸ್ತಾರೇನೋ."

ಆದರೆ ನಮ್ಮ ಶಾಲೆಗಳಲ್ಲಿ ಒಂದು ಪದ್ಧತಿಯಿದೆ. ಮಾಡೆಲ್ ಮಾಡುವವರು ಬೇರೆ, ಮೇಳದಲ್ಲಿ ನಿಂತು ಎಕ್ಸ್‌ಪ್ಲೇನ್ ಮಾಡುವವರು ಬೇರೆ. ನಸ್ರೀನ್‌ಗೆ ಹೇಳಿಸಿ ನೋಡಿದೆ. "ಪಾನಿ… ನೀರು ಮೇಲೆ ಬಂತಂದ್ರೆ ಇದು ಕೂಗ್ತದೆ ಮಿಸ್" ಎಂದು ನಿಲ್ಲಿಸಿದಳು. ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುವ ಒಬ್ಬ ಹುಡುಗನಿಗೆ ಒಂದು ಪುಟ ಬಾಯಿಪಾಠ ಮಾಡಿಸಿದೆ. ಜಾಗ ಒಬ್ಬರಿಗೇ ಎಂದು ಹೇಳಿ ನಸ್ರೀನ್‌ಳನ್ನು ಶಾಲೆಯಲ್ಲೇ ಬಿಟ್ಟೆ.

ಮೇಳ ಯಲಹಂಕದಲ್ಲಿತ್ತು. ತೀರ್ಪುಗಾರರು ನಮ್ಮ ಟೇಬಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಒಂದು ವೈರು ಕಿತ್ತುಬಂತು. ಹುಡುಗ ನನ್ನ ಮುಖ ನೋಡಿದ, ನಾನು ಅಟೆಂಡರಮ್ಮನ ಮುಖ ನೋಡಿದೆ. ಅವರು ಸದ್ದಿಲ್ಲದೆ ಬಗ್ಗಿ ವೈರು ಸಿಕ್ಕಿಸಿದರು. ಅಲಾರಂ ಕೂಗಿತು. ಹುಡುಗ ಒಂದು ಪುಟವನ್ನೂ ತಪ್ಪಿಲ್ಲದೆ ಒಪ್ಪಿಸಿದ. ತೀರ್ಪುಗಾರರು ಮೆಚ್ಚಿಕೊಂಡು, "ಇದನ್ನ ಮಾಡಿದ್ದು ಯಾರು?" ಎಂದು ನನ್ನನ್ನೇ ಕೇಳಿದರು.

"ಇವನೇ ಸರ್" ಅಂದೆ.

ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಮಾಡಿದವಳನ್ನು ಯಾಕೆ ಕರೆತರಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಪುಕ್ಕಲು, ಅಷ್ಟೇ. ಅಟೆಂಡರಮ್ಮ ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರು ಒರೆಸುತ್ತಿದ್ದರು. ತಲೆಯೆತ್ತಲಿಲ್ಲ.

ಬಹುಮಾನ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು, ಹೆಬ್ಬಾಳ ದಾಟಿದ ಮೇಲೆ ಕೇಳಿದರು: "ಆಗಿದ್ದಾಯ್ತು ಮಿಸ್. ನಾಳೆ ಆ ಉಡುಗಿಗೆ ಏನ್ ಏಳ್ತೀರ?"

ನನಗೆ ರೇಗಿತು. ತಪ್ಪು ಮಾಡಿದವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮ ಕೆಲಸ ಎಷ್ಟಿದೆಯೋ ಅಷ್ಟು ಮಾಡಿ. ಮಕ್ಕಳ ವಿಷಯ ನಾನು ನೋಡ್ಕೊಳ್ತೀನಿ" ಅಂದೆ.

"ಸರಿ ಮಿಸ್" ಅಂದರು. ದಾಸರಹಳ್ಳಿಯಲ್ಲಿ ಇಳಿದವರು ಮಾಕಳಿ ಬಸ್ಸಿನ ಸ್ಟಾಪಿಗೆ ಹೋಗದೆ, ಮಾಡೆಲ್ಲಿನ ಡಬ್ಬ ಹೊತ್ತುಕೊಂಡು ಎದುರು ಗಲ್ಲಿಯೊಳಕ್ಕೆ ನಡೆದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ಪ್ರಾರ್ಥನೆಯಲ್ಲಿ ಹುಡುಗ ಬಹುಮಾನದ ಕಪ್ ಎತ್ತಿ ಹಿಡಿದಾಗ ನಸ್ರೀನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು, ನನ್ನನ್ನು ನೋಡಿ ನಕ್ಕಳು ಕೂಡ. ಸದ್ಯ, ಬೇಜಾರು ಮಾಡಿಕೊಂಡಿಲ್ಲ ಎಂದು ನನಗೆ ನೆಮ್ಮದಿಯಾಯಿತು. ನಾನು ಎಂಥ ಟೀಚರು ಎಂಬುದಕ್ಕೆ ಆ ನೆಮ್ಮದಿಯೇ ಸಾಕ್ಷಿ. ಅಟೆಂಡರಮ್ಮ ಮಾತ್ರ ಆಮೇಲೂ ಕೊನೆಯ ಬೆಂಚಿಗೆ ಹೋಗುತ್ತಿದ್ದರು, "ಕೆಟ್ರೆ ನಾನಿದೀನಿ" ಎನ್ನುತ್ತಿದ್ದರು. ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಟೆಂಡರ್ ಹತ್ತಿರ ಹೇಗೆ ಕೇಳುವುದು ಎಂದು ಸುಮ್ಮನಾದೆ. ಅವರು ರಿಟೈರ್ ಆದರು.

ಹೋದ ವರ್ಷ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಮಾಕಳಿಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕ ಬಂದು ಕೂತ ಹುಡುಗಿ "ಮಿಸ್" ಅಂದಾಗಲೇ ಗುರುತು ಹತ್ತಿದ್ದು. ನಸ್ರೀನ್. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷವಂತೆ. ಎಲೆಗೆ ನೀರು ಚಿಮುಕಿಸಿದ ಅವಳ ಹೆಬ್ಬೆರಳಿನಲ್ಲೂ ಒಂದು ಸಣ್ಣ ಕಲೆಯಿತ್ತು.

"ನಿಮ್ಮಿಂದಾನೇ ಮಿಸ್" ಅಂದಳು. "ಮೇಳದ ದಿನ ಸಂಜೆ ಆಂಟಿ ನಮ್ಮನೆಗೆ ಬಂದಿದ್ರು. ಮಾಡಿದ್ದು ಯಾರು ಅಂತ ಜಡ್ಜ್ ಕೇಳಿದ್ರಂತೆ, ನೀವು ಎಲ್ರ ಮುಂದೆ ನನ್ನ ಹೆಸ್ರೇ ಹೇಳಿದ್ರಂತೆ. ಅಬ್ಬಾಗೆ ಕೂರಿಸಿ ಹೇಳಿದ್ರು. ಆಮೇಲೇ ಅಬ್ಬಾ ಹೂಂ ಅಂದಿದ್ದು."

ಬಸ್ಸಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗೆ ಅವರು ಅವತ್ತೇ, ನನ್ನ ಪರವಾಗಿ, ಉತ್ತರ ಹೇಳಿ ಬಂದಿದ್ದರು. ನನ್ನ ಬೈಗುಳ ತಿಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಹಾಗಲ್ಲಮ್ಮ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅನ್ನ ಬಡಿಸುವವರು ಬಂದರು. "ನೀನು ಮಾಡಿದ್ದು ತಾನೇ, ನಿನ್ನ ಹೆಸರೇ ಬರಬೇಕು" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಉಂಡೆ. ನಿಜವನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.