ರಾವಂದೂರಿನ ಒಂಟಿ ಬೆಳ್ಳುಳ್ಳಿ

ಇಪ್ಪತ್ತಮೂರು ವರ್ಷ ತುಂಬುವ ತನಕ ನಾನು ಬೆಳ್ಳುಳ್ಳಿಯನ್ನು ಬೆಳೆಯುವುದಿರಲಿ, ಬಾಯಿಗೆ ಇಟ್ಟವನೂ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂದರೆ ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಅವರು ಅತ್ತ ಹೋದ ಮೇಲೆ ಆ ಕಿಟಕಿಯ ಸಂದಿಗೆ ಮೂಗಿಟ್ಟು ನಿಲ್ಲುತ್ತಿದ್ದವನು ನಾನೇ. ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ಯಾರೂ ಬಯ್ಯಲಾರರು ಎಂದು ಹೇಳುತ್ತಿದ್ದೇನೆ.

ಅಂಥವನನ್ನು ಸರ್ಕಾರ ಗ್ರಾಮಸೇವಕನನ್ನಾಗಿ ಮಾಡಿ, ಅರವತ್ತರ ದಶಕದ ಕೊನೆಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿಗೆ ಕಳಿಸಿತು. ಗ್ರಾಮಸೇವಕನೆಂದರೆ ಊರೂರು ತಿರುಗಿ ರೈತರಿಗೆ ಬೇಸಾಯದ ಸಲಹೆ ಕೊಡುವ ನೌಕರ. ನನ್ನ ಬಳಿ ಒಂದು ಸೈಕಲ್ಲು, ಒಂದು ಚೀಲ ಕರಪತ್ರ ಮತ್ತು ಆಗತಾನೆ ತರಬೇತಿ ಮುಗಿಸಿದವನ ಧೈರ್ಯ ಇದ್ದವು. ರಾಗಿ ಬಿತ್ತಿ ಬಿತ್ತಿ ಕೂದಲು ನರೆತವರಿಗೆ ರಾಗಿ ಬಿತ್ತುವುದು ಹೇಗೆಂದು ವಿವರಿಸುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ತಮಗೆ ತಿಳಿದಂತೆ ಬಿತ್ತುತ್ತಿದ್ದರು. ಮಜ್ಜಿಗೆ ಮಾತ್ರ ಎಲ್ಲ ಊರಲ್ಲೂ ಚೆನ್ನಾಗಿರುತ್ತಿತ್ತು.

ನಾನು ಬಾಡಿಗೆಗಿದ್ದದ್ದು ಸಿದ್ದಮ್ಮನವರ ಮನೆಗೆ ಅಂಟಿಕೊಂಡಿದ್ದ ಒಂದು ಕೋಣೆಯಲ್ಲಿ. ಅರವತ್ತು ದಾಟಿದ ಹೆಂಗಸು, ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಮಗ ನಿಂಗರಾಜು ಬೆಳಿಗ್ಗೆ ಹೊಗೆಸೊಪ್ಪಿನ ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಸೊಸೆ ಗೌರಿಯದು ಮಾತು ಕಡಿಮೆ. ನನ್ನ ಊಟವೂ ಅವರ ಮನೆಯಲ್ಲೇ. ಮೊದಲ ದಿನ ಸಿದ್ದಮ್ಮ ಮುದ್ದೆಯ ಜೊತೆಗೆ ಬಸ್ಸಾರು ಬಡಿಸಿದಾಗ ಅದಕ್ಕೆ ಬೆಳ್ಳುಳ್ಳಿ ಅರೆದು ಹಾಕಿದ್ದಾರೆಂದು ಮೂಗಿಗೆ ತಿಳಿಯಿತು. ಏನೂ ತಿಳಿಯದವನಂತೆ ಎರಡು ಸಲ ಹಾಕಿಸಿಕೊಂಡು ಉಂಡೆ. ಮುಂದಿನ ವಾರ ಮೈಸೂರಿಗೆ ಹೋದಾಗ ಅಮ್ಮನ ಎದುರು ಬಾಯಿ ಅಗಲ ಮಾಡದೆ ಮಾತಾಡಿದೆ. ಪಾಪ, ಅವರು ಹಲ್ಲುನೋವೆಂದುಕೊಂಡು ಲವಂಗ ಹುಡುಕಿ ಕೊಟ್ಟರು.

ತಪ್ಪು ಮಾಡಿದವನಿಗೆ ಪಾಂಡಿತ್ಯ ತಾನಾಗಿ ಬರುತ್ತದೆ. ದೇವತೆಗಳ ಪಂಕ್ತಿಯಲ್ಲಿ ಕೂತು ರಾಹು ಅಮೃತವನ್ನು ಕದ್ದು ಕುಡಿದಾಗ, ಕಡಿದ ಅವನ ಕತ್ತಿನಿಂದ ಜಾರಿದ ಹನಿಯೇ ಬೆಳ್ಳುಳ್ಳಿಯಾಯಿತಂತೆ. ಹಾಗಾದರೆ ಅದು ಅಮೃತವೂ ಹೌದು, ಎಂಜಲೂ ಹೌದು. ನಮ್ಮ ಮನೆಯವರು ಎಂಜಲನ್ನು ಲೆಕ್ಕಕ್ಕೆ ಹಿಡಿದರು, ಸಿದ್ದಮ್ಮನವರು ಅಮೃತವನ್ನು ಹಿಡಿದರು ಎಂದು ತೀರ್ಮಾನಿಸಿದೆ. ಸಂಸ್ಕೃತದಲ್ಲಿ ಅದಕ್ಕೆ ರಸೋನವೆಂಬ ಹೆಸರಿದೆ. ಆರು ರಸಗಳಲ್ಲಿ ಹುಳಿಯೊಂದು ಮಾತ್ರ ಕಡಿಮೆ ಎಂದು ಅದರ ಅರ್ಥ ಹೇಳುತ್ತಾರೆ. ಬಸ್ಸಾರಿಗೆ ಹುಣಸೆಹಣ್ಣು ಕಿವುಚುವವರು ಆ ಕೊರತೆಯನ್ನೂ ಎಂದೋ ತುಂಬಿಬಿಟ್ಟಿದ್ದಾರೆ.

ಆದರೆ ಆ ಮನೆಯಲ್ಲಿ ಬೆಳ್ಳುಳ್ಳಿ ಬರೀ ರುಚಿಯ ಮಾತಾಗಿರಲಿಲ್ಲ. ಗೌರಿಗೆ ತಾಯಿ ಇರಲಿಲ್ಲವಾದ್ದರಿಂದ ಮೊದಲ ಹೆರಿಗೆ ಅತ್ತೆಯ ಮನೆಯಲ್ಲೇ ಆಗಿತ್ತು. ನಾನು ಬರುವುದಕ್ಕೆ ಒಂದು ವರ್ಷ ಮೊದಲಿನ ಸಂಗತಿ. ಅವಳಿಗೆ ಎದೆಹಾಲು ಬರಲಿಲ್ಲ. ಆಡಿನ ಹಾಲು ಹಾಕಿದರು. ಮಗು ಎರಡು ತಿಂಗಳೂ ಉಳಿಯಲಿಲ್ಲ. ಬಾಣಂತಿಗೆ ಹಾಲಿಳಿಯಲು ಸುಟ್ಟ ಬೆಳ್ಳುಳ್ಳಿ ಕೊಡುವುದು ಆ ಕಡೆಯ ಪದ್ಧತಿ. ಆ ಸಲ ಮಳೆ ಹಿಡಿದು ಸಂತೆ ಸರಿಯಾಗಿ ನೆರೆದಿರಲಿಲ್ಲ; ಸಿಕ್ಕ ಬೆಳ್ಳುಳ್ಳಿಯೂ ಒಳಗೆಲ್ಲ ಕಪ್ಪಾಗಿತ್ತು. ಮುಂಚೆಯೇ ತಂದಿಡಲಿಲ್ಲವಲ್ಲ ಎಂಬ ಕೊರಗು ಸಿದ್ದಮ್ಮನವರನ್ನು ಬಿಟ್ಟಿರಲಿಲ್ಲ.

ಇದನ್ನು ಅವರು ಹೇಳಿದ ದಿನವೇ ನಾನು ಚೀಲದಲ್ಲಿ ಕೈಯಾಡಿಸಿ ಬೆಳ್ಳುಳ್ಳಿಯ ಕರಪತ್ರ ತೆಗೆದೆ. ಹಿತ್ತಲಲ್ಲೇ ಬೆಳೆದುಕೊಡುತ್ತೇನೆ ಎಂದೆ.

"ಅದು ಚಳಿ ಕೇಳ್ತದೆ ಸೇವಕ್ರೇ," ಅಂದರು ಸಿದ್ದಮ್ಮ. "ಊಟಿ ಕಡೆ ಆಯ್ತದೆ. ನಮ್ಮೂರ ಚಳಿ ಒಂದು ಕಂಬಳೀಗೂ ಸಾಲಾಕಿಲ್ಲ."

"ಅದೆಲ್ಲ ಹಳೆ ಕಾಲದ ಮಾತು ಅವ್ವ. ಈಗ ವಿಜ್ಞಾನ ಇದೆ."

ಅವರು ಮಜ್ಜಿಗೆ ತರಲು ಒಳಗೆ ಹೋದರು.

ಮುಂಗಾರು ಶುರುವಾಗಿತ್ತು. ಎಲ್ಲರೂ ಬಿತ್ತುವಾಗ ನಾನೂ ನೆಟ್ಟೆ. ಹದಿನೈದು ದಿನದಲ್ಲಿ ಅಗೆದು ನೋಡಿದರೆ ಎಸಳುಗಳು ನೀರಲ್ಲಿ ನೆನೆದ ಸಾಬೂನಿನಂತೆ ಕೈಗೆ ಮೆತ್ತಿಕೊಂಡವು. ಸಂಜೆ ಊಟಕ್ಕೆ ಕೂತಾಗ ಸಿದ್ದಮ್ಮ, "ದೀಪಾವಳಿ ಕಳೀಲಿ, ಆಗ ನೋಡಿ," ಅಂದರು. ಸಲಹೆ ಕೊಡಲು ಬಂದವನು ಸಲಹೆ ತೆಗೆದುಕೊಂಡದ್ದು ಅದೇ ಮೊದಲು.

ಅಷ್ಟರಲ್ಲಿ ಗೌರಿ ಮತ್ತೆ ಬಸುರಿ ಎಂದು ತಿಳಿಯಿತು. ದೀಪಾವಳಿ ಕಳೆದ ಮೇಲೆ ಗೋಡೆಯ ಪಕ್ಕ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಮಣ್ಣು ಎತ್ತರಿಸಿ ಏರು ಮಡಿ ಮಾಡಿದೆ. ಗೊಬ್ಬರ ಬೆರೆಸಿ, ಎಸಳಿನ ಬುಡ ಕೆಳಗೆ, ಮೂತಿ ಮೇಲೆ ಬರುವಂತೆ ಒಂದೊಂದನ್ನೇ ಊರಿದೆ. ಗೌರಿ ಮಡಿಯ ಮೇಲೆ ಹೊದಿಸಲು ರಾಗಿಹುಲ್ಲು ತಂದವಳು ಹೊರಡದೆ ನಿಂತಳು.

"ಬೆಳ್ಳುಳ್ಳಿ ಇಲ್ದೇ ಮಗ ಓಯ್ತು ಅಂತ ಅತ್ತೆ ಕೊರಗ್ತಾರೆ," ಅಂದಳು. "ಅವರದೇನೂ ತಪ್ಪಿಲ್ಲ ಅಣ್ಣ. ನಂಗೇ ಹಾಲು ಬರ್ನಿಲ್ಲ. ಈ ಸಲವೂ ಬರ್ದೇ ಓದ್ರೆ ಏನ್ ಮಾಡ್ಲಿ?"

ಇದಕ್ಕೆ ನನ್ನ ಚೀಲದಲ್ಲಿ ಕರಪತ್ರವಿರಲಿಲ್ಲ. "ಹುಲ್ಲು ಇನ್ನೊಂದು ಹಿಡಿ ಬೇಕು ಗೌರಮ್ಮ," ಎಂದೆ. ಅವಳು ತಂದುಕೊಟ್ಟಳು. ಆವತ್ತಿನಿಂದ ಆ ಮಡಿಗೆ ನೀರು ಹಾಕುವ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ.

ಗಿಡಗಳು ಚೆನ್ನಾಗಿ ಬಂದವು. ಎಲೆಯ ತುದಿ ಹಳದಿಯಾದಾಗ ನೀರು ನಿಲ್ಲಿಸಿದೆವು. ಒಂದು ಬೆಳಿಗ್ಗೆ, ಯಾರೂ ಹಿತ್ತಲಲ್ಲಿ ಇಲ್ಲದ ಹೊತ್ತು ನೋಡಿ ಒಂದನ್ನು ಕಿತ್ತೆ. ಗೋಲಿಯಂತೆ ಉರುಟಾದ ಒಂದೇ ಒಂದು ಗಡ್ಡೆ, ಎಸಳೇ ಇಲ್ಲ. ಇನ್ನೊಂದು ಕಿತ್ತರೆ ಅದೂ ಹಾಗೇ. ಮಡಿಯನ್ನೆಲ್ಲ ಕಿತ್ತು ನೋಡಿದೆ, ಒಂದಾದರೂ ಒಡೆದಿರಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ಗೌರಿಯ ಮುಖ ನೆನಪಿಗೆ ಬಂತು. ಎಲ್ಲವನ್ನೂ ಒಂದು ಕುಕ್ಕೆಗೆ ತುಂಬಿ ಮಂಚದಡಿಗೆ ತಳ್ಳಿ, ಸೈಕಲ್ಲೇರಿ ಹೊರಟುಬಿಟ್ಟೆ. ಪಿರಿಯಾಪಟ್ಟಣದಲ್ಲಿ ಒಳ್ಳೆಯ ಬೆಳ್ಳುಳ್ಳಿ ಕೊಂಡು ತಂದು ನಮ್ಮ ಹಿತ್ತಲದ್ದೇ ಎಂದು ಹೇಳಿಬಿಡುವ ಯೋಚನೆ. ಕೊಂಡೂ ತಂದೆ. ಬಂದು ನೋಡಿದರೆ ಸಿದ್ದಮ್ಮ ನನ್ನ ಕೋಣೆ ಗುಡಿಸಿ, ಕುಕ್ಕೆಯನ್ನು ಮುಂದಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು.

"ಇದ್ಯಾಕೆ ಮಂಚದಡೀಲಿ ಮಡಗಿದ್ರಿ?"

"ಕೆಟ್ಟುಹೋಗಿದೆ ಅವ್ವ. ಎಸಳು ಒಡೆದಿಲ್ಲ."

"ಕೆಟ್ಟಿಲ್ಲ ಕಣಪ್ಪ. ಇದು ಒಂಟಿ ಬೆಳ್ಳುಳ್ಳಿ. ಸಂತೇಲಿ ಮೂಟೆ ಸುರಿದು ಉಡುಕಿದ್ರೂ ನಾಕು ಸಿಗಾಕಿಲ್ಲ. ನಮ್ಮವ್ವ ಇದ ಆಯ್ದು ಆಯ್ದು ಬಾಣಂತೀಗೆ ಅಂತ ಎತ್ತಿಕ್ತಿದ್ಲು. ನೀನು ಕುಕ್ಕೆ ತುಂಬ ಬೆಳ್ದು ಬಚ್ಚಿಟ್ಟಿದ್ದೀಯಲ್ಲ."

"ಬೆಳ್ಳುಳ್ಳಿ ಹೀಗಿರಬಾರದು ಅವ್ವ. ಚಿತ್ರದಲ್ಲಿ ಬೇರೆ ಥರ ಇದೆ."

"ಎಂಗಿರಬೇಕು ಅಂತ ನಿನ್ನ ಕಾಗದ ಯೋಳ್ತದೆ. ಎಂಗದೆ ಅಂತ ನಾನು ನೋಡ್ತಿವ್ನಿ," ಅಂದರು. ಅವರ ಬಾಯಲ್ಲಿ ನಾನು 'ಸೇವಕ್ರೇ, ನೀವು' ಎಂಬುದರಿಂದ 'ಅಪ್ಪ, ನೀನು' ಎಂಬಲ್ಲಿಗೆ ಬಂದಿದ್ದೇನೆಂದು ನನಗೆ ಹೊಳೆದದ್ದು ಆಮೇಲೆ. ಪಿರಿಯಾಪಟ್ಟಣದಿಂದ ತಂದದ್ದನ್ನು ಅವರು ಒಗ್ಗರಣೆಗೆ ತೆಗೆದುಕೊಂಡರು.

ಯುಗಾದಿ ಕಳೆದ ವಾರ ಗೌರಿಗೆ ಹೆಣ್ಣುಮಗುವಾಯಿತು. ಮೊದಲ ಎರಡು ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳಂತೆ. ಸಿದ್ದಮ್ಮ ಒಂಟಿ ಬೆಳ್ಳುಳ್ಳಿಯನ್ನು ಒಲೆಯ ಬೂದಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಬಿಸಿ ಅನ್ನಕ್ಕೆ ತುಪ್ಪದ ಜೊತೆ ಹಿಸುಕಿ ಕೂತು ಉಣ್ಣಿಸಿದರು. "ನೀನೇ ನೀರು ಉಯ್ದು ಬೆಳ್ಸಿದ್ದು ಕಣವ್ವ, ತಿನ್ನು," ಎನ್ನುವ ದನಿ ನನ್ನ ಕೋಣೆಗೂ ಕೇಳುತ್ತಿತ್ತು. ನಾಲ್ಕನೆಯ ದಿನ ನಾನು ಸೈಕಲ್ ಒರೆಸುತ್ತಿದ್ದಾಗ ಸಿದ್ದಮ್ಮ ಹೊರಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕೂಸು ಕುಡೀತಾ ಅದೆ," ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಒರೆಸಿದ ಚಕ್ರವನ್ನೇ ಮತ್ತೆ ಒರೆಸಿದೆ.

ಹಾಲು ಬಂದದ್ದು ಬೆಳ್ಳುಳ್ಳಿಯಿಂದಲೇ ಎಂದು ನಾನು ಸಾಧಿಸಲಾರೆ. ನೋಡಲು ಬಂದ ನರ್ಸಮ್ಮ, ಹೊಟ್ಟೆ ತುಂಬ ಊಟ, ನೀರು, ನಿದ್ದೆ ಮತ್ತು ಧೈರ್ಯ ಇದ್ದರೆ ಬರುತ್ತದೆ ಎಂದರು. ಅವರು ಹೇಳಿದ್ದರಲ್ಲಿ ಮೊದಲ ಮೂರನ್ನು ಯಾರಾದರೂ ಒದಗಿಸಬಹುದು. ನಾಲ್ಕನೆಯದನ್ನು ಗೌರಿ ಆ ಮಡಿಯ ಹತ್ತಿರ ದಿನವೂ ಬಗ್ಗಿ ಬಗ್ಗಿ ಸಂಪಾದಿಸಿಕೊಂಡಿರಬೇಕು.

ಉಳಿದ ಒಂಟಿಗಳನ್ನು ಸಿದ್ದಮ್ಮ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ್ದರು. ಆಯುಧಪೂಜೆಯ ಹೊತ್ತಿಗೆ ಅವನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಕುಡಿಯುವ ನೀರಿನ ಗಡಿಗೆ ಕೂರಿಸಿದ ಒದ್ದೆ ಮರಳಿನ ಬದಿಗೆ ಇಟ್ಟರು. "ಚಳಿ ಬೇಕು ಅಂತದಲ್ಲ, ನಾವೇ ವಸಿ ತೋರ್ಸಾನ," ಅಂದರು. ತಿಂಗಳು ಕಳೆದು ಅದೇ ಮಡಿಗೆ ಅವನ್ನೇ ನೆಟ್ಟೆವು. ಒಂಟಿಯಾಗಿ ನಿಂತದ್ದನ್ನು ಮತ್ತೊಂದು ಸಲ ನೆಟ್ಟರೆ ಏನಾಗುತ್ತದೆಂದು ನನ್ನ ಯಾವ ಕರಪತ್ರದಲ್ಲೂ ಬರೆದಿರಲಿಲ್ಲ. ನಾನು ಕೇಳಲೂ ಹೋಗಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದ ಒಂದು ಬೆಳಿಗ್ಗೆ ಎಲ್ಲರೂ ಮಡಿಯ ಸುತ್ತ ಕೂತೆವು. ನಿಂಗರಾಜು ಕೂಡ ಹೊಲಕ್ಕೆ ಹೋಗದೆ ನಿಂತಿದ್ದ. ಮೊದಲ ಗಿಡವನ್ನು ಗೌರಿ ಕಿತ್ತು, ಮಣ್ಣು ಕೊಡವಿ, ಬೆರಳಿನಲ್ಲಿ ಒತ್ತಿ ನೋಡಿದಳು. "ಒಡೆದದೆ ಅಣ್ಣ," ಅಂದಳು. ಸಣ್ಣದೇ, ನಿಂಬೆಹಣ್ಣಿಗಿಂತ ಚಿಕ್ಕದು. ಆದರೆ ಒಳಗೆ ಆರೇಳು ಎಸಳು ಒತ್ತಾಗಿ ಕೂತಿದ್ದವು. ಸಿದ್ದಮ್ಮ ಅದನ್ನು ಕೈಗೆ ತೆಗೆದುಕೊಂಡು, ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಯ ಅಂಚಿಗೆ ಇಟ್ಟರು.

ಅಷ್ಟರಲ್ಲಿ ಮಗು ತೆವಳಿಕೊಂಡು ಬಂದು, ಬಿಡಿಸಿಟ್ಟಿದ್ದ ಒಂದು ಎಸಳನ್ನು ಎತ್ತಿ ಬಾಯಿಗೆ ಹಾಕಿಕೊಂಡಿತು. ಅದಕ್ಕೆ ಆಗ ಕೆಳಗೆರಡು ಹಲ್ಲು ಮಾತ್ರ. ನಾನು ಗಾಬರಿಯಾಗಿ ಕೈಚಾಚಿದೆ.

"ಬುಡಪ್ಪ, ನಾನು ನೋಡ್ಕತಿವ್ನಿ. ಅವ್ಳಿಗೂ ಗೊತ್ತಾಗ್ಲಿ," ಅಂದರು ಸಿದ್ದಮ್ಮ.

ಮಗು ಕಚ್ಚಿತು. ಕಣ್ಣು ಮುಚ್ಚಿತು, ಮೂಗು ಮೇಲೇರಿತು, ನಾಲಗೆ ಪೂರ್ತಿ ಹೊರಗೆ ಬಂತು. ಸಿದ್ದಮ್ಮ ಬೆರಳು ಹಾಕಿ ಎಸಳನ್ನು ತೆಗೆದರು. ಮಗು ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿತು. ಈ ಕೆಲಸ ಯಾರದೆಂದು ವಿಚಾರಿಸುವಂತಿತ್ತು. ಅಳುತ್ತದೆಂದು ಕಾದೆವು. ಅಳಲಿಲ್ಲ. ಒಂದು ಗಳಿಗೆ ಯೋಚಿಸಿ, ನಾಲಗೆಯನ್ನು ಒಳಕ್ಕೆಳೆದುಕೊಂಡು, ಇನ್ನೊಂದು ಎಸಳಿಗೆ ಕೈ ನೀಡಿತು. ಗೌರಿ ನಕ್ಕಳು. ಅವಳು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಆವತ್ತೇ. ಇಂಥ ಹೊತ್ತಿನಲ್ಲಿ ಗ್ರಾಮಸೇವಕನಾದವನು ಏನಾದರೂ ಹೇಳಬೇಕಿತ್ತು. ನಾನು ಮಡಿಯ ಆ ಬದಿಗೆ ಸರಿದು ಕೂತು, ಮಗುವಿಗೆ ಸ್ವಲ್ಪ ಜಾಗ ಬಿಟ್ಟುಕೊಟ್ಟೆ.