ಮೇಲಂಚಿನ ಮಂಕು

ನನ್ನ ಕಣ್ಣಿಗೆ ಏನೂ ಆಗಿಲ್ಲ, ಹುಲಿಗೀ. ಈಗಲೂ ಇಲ್ಲ, ಆಗಲೂ ಇರಲಿಲ್ಲ. ದಿನಾ ಸಂಜೆ ಏಳಕ್ಕೆ ನೀನು ಕೊಟ್ಟೂರಿನಿಂದ ಫೋನ್ ಮಾಡಿ 'ಹನಿ ಹಾಕ್ಕೊಂಡೇನ್ಲೇ ರತ್ನಿ?' ಎಂದು ಕೇಳುತ್ತೀಯಲ್ಲ, ನಾನು 'ಹೂಂ, ಈಗ ಹಾಕ್ಕೊಂಡೆ' ಎನ್ನುತ್ತೇನಲ್ಲ — ಆ ಔಷಧಿಯ ಬಾಟಲಿಯೇ ನನ್ನ ಮನೆಯಲ್ಲಿಲ್ಲ. ಮೂರು ವರ್ಷದಿಂದ ದಿನಕ್ಕೊಂದು ಸುಳ್ಳು. ಆದರೆ ಇವೆಲ್ಲ ಮರಿಗಳು. ತಾಯಿ ಸುಳ್ಳು ಹರಪನಹಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಹೇಳಿದ್ದು. ನಿನ್ನ ಕಣ್ಣನ್ನು ತಿಂದದ್ದು ಅದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಬರೆಯುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಕೂಡ್ಲಿಗಿಯ ಹಾಸ್ಟೆಲಿನಲ್ಲಿ ವಾರ್ಡನ್ ಕೋಣೆಯ ಹಳೇ ಕಂಪ್ಯೂಟರಿನಲ್ಲಿ ಒಂದೇ ಒಂದು ಕಾರ್ ರೇಸಿನ ಆಟ ಇತ್ತು. ಅವರು ಊಟಕ್ಕೆ ಎದ್ದಾಗ ನಾವಿಬ್ಬರೂ ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕುಂಡಿ ಇಟ್ಟು ಆಡುತ್ತಿದ್ದೆವು. ಸಂಬಳ ಬಂದ ಮೇಲೆ ನಮ್ಮದೇ ಕಂಪ್ಯೂಟರ್ ಮಾಡೋಣ, ನಮ್ಮ ಕೈಯಾರೆ ಜೋಡಿಸೋಣ ಎಂದವಳು ನೀನು. ನೀನು ಕೊಟ್ಟೂರಿನ ಹೈಸ್ಕೂಲಿಗೆ ಪಿ.ಟಿ. ಟೀಚರ್ ಆದೆ, ನಾನು ಅದೇ ಊರಿನ ಸರ್ಕಾರಿ ಕಾಲೇಜಿನಲ್ಲಿ ಗುಮಾಸ್ತೆಯಾದೆ. ಬಾಡಿಗೆಗೆ ಒಂದು ಮನೆ ಹಿಡಿದೆವು. ಇಬ್ಬರು ಹೆಂಗಸರು ಮಂಚದ ಮೇಲೆ ಮದರ್‌ಬೋರ್ಡ್ ಹರವಿಕೊಂಡು ಸ್ಕ್ರೂ ತಿರುಗಿಸುವುದನ್ನು ನೋಡಿ ಮನೆಯ ಒಡತಿ 'ಏನವ್ವಾ, ಟಿವಿ ರಿಪೇರಿ ಕಲಿಯಾಕ ಹತ್ತೀರೇನ್?' ಎಂದು ಕೇಳಿದ್ದು ನೆನಪಿದೆಯಾ? ಅದೇ ನಮ್ಮ ಬದುಕಿನ ಒಳ್ಳೆಯ ತಿಂಗಳು.

ಎಲ್ಲ ಜೋಡಣೆಯಾಗಿ ಎರಡು ವಸ್ತು ಉಳಿದವು. ಆಟದ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಕಾರ್ಡು, ಅದನ್ನು ತೋರಿಸುವ ಮಾನಿಟರ್. ನಮ್ಮ ಹತ್ತಿರ ಇದ್ದ ದುಡ್ಡಿಗೆ ಎರಡೂ ದೊಡ್ಡವು ಬರುವಂತಿರಲಿಲ್ಲ. ನಿನಗೆ ದೊಡ್ಡ ಪರದೆ ಬೇಕು, ನನಗೆ ದೊಡ್ಡ ಕಾರ್ಡು ಬೇಕು. 'ಕಾಣಬೇಕಲ್ಲಲೇ ಮೊದಲ' ಎಂದು ನೀನು. 'ಓಡಬೇಕಲ್ಲ ಮೊದಲ' ಎಂದು ನಾನು. ಎರಡು ವಾರ ಅದೇ ಜಗಳ, ಅನ್ನಕ್ಕೆ ಕೂತರೂ ಅದೇ, ಬಟ್ಟೆ ಒಣಹಾಕಿದರೂ ಅದೇ. ನಿಜ ಹೇಳಲಾ? ನನಗೆ ಆ ಕಾರ್ಡಿನ ಮೇಲೆ ಹುಚ್ಚು ಹಿಡಿದಿತ್ತು. ಮೂರು ಫ್ಯಾನಿನ ಕಪ್ಪು ಕಾರ್ಡು. ಆಫೀಸಿನಲ್ಲಿ ಕೂತು ಫೋನಿನಲ್ಲಿ ಅದರ ಚಿತ್ರ ನೋಡುತ್ತಿದ್ದೆ, ಮದುವೆ ಗೊತ್ತಾದ ಹುಡುಗಿ ವರನ ಫೋಟೋ ನೋಡುವ ಹಾಗೆ.

ಆ ಶನಿವಾರ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದೆವು. ಅಂಗಡಿಯವರು ಒಂದೇ ಕಂಪ್ಯೂಟರಿಗೆ ಮೂರು ಮಾನಿಟರ್‌ಗಳನ್ನು ಒಂದಾದ ಮೇಲೆ ಒಂದು ಸಿಕ್ಕಿಸಿ ತೋರಿಸಿದರು. ಒಂದು ಕೆರೆ, ಮೇಲೆ ಬೆಳ್ಳಕ್ಕಿಯ ಸಾಲು. ನಾನು ಹಕ್ಕಿಗಳ ಬಿಳುಪು ನೋಡು ಎಂದೆ. ನೀನು ಯಾವ ಹಕ್ಕಿ ಎಂದೆ. ಆಮೇಲೆ ಗದ್ದ ಎತ್ತಿ ನೋಡಿ, 'ಹ್ಞಾಂ, ಅದಾವ. ಆದ್ರ ಈ ಮಾನಿಟರ್ ಸರಿ ಇಲ್ರಿ, ಮ್ಯಾಲಿನ ಅಂಚಿಗೆ ಮಂಕು ಐತಿ' ಎಂದೆ. ಎರಡನೆಯದನ್ನು ಹಚ್ಚಿದರು. ಅದಕ್ಕೂ ಮೇಲೆ ಮಂಕು ಎಂದೆ ನೀನು. ಮೂರನೆಯದಕ್ಕೂ ಅದೇ.

ನನಗೆ ಮೂರರಲ್ಲೂ ಮೇಲಂಚು ಲಕಲಕ ಹೊಳೆಯುತ್ತಿತ್ತು.

ಅಂಗಡಿಯವರು ನನ್ನ ಮುಖ ನೋಡಿದರು. 'ಮೂರೂ ಹೊಸವು ಮೇಡಂ, ನಂಗೇನೂ ಮಂಕು ಕಾಣ್ತಿಲ್ವಲ್ಲ' ಎಂದರು. ನೀನು ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೇಗೆ ಹಾಕಿಕೊಂಡೀಯೆ! ನಿಮ್ಮಪ್ಪನ ಕುರಿ ಹಿಂಡು ದೂರದ ಗುಡ್ಡದ ಮೇಲಿದ್ದರೆ ಮನೆಯಂಗಳದಲ್ಲಿ ನಿಂತೇ ಎಣಿಸಿ ಹೇಳುತ್ತಿದ್ದವಳು ನೀನು. ಆ ಕಣ್ಣಿನಲ್ಲಿ ಕೊರತೆ ಇದ್ದೀತೆಂದು ನಿನಗೆ ಕನಸಿನಲ್ಲೂ ಬರುವಂತಿರಲಿಲ್ಲ. ಲೋಕದ ಮಾನಿಟರ್‌ಗಳೆಲ್ಲ ಕೆಟ್ಟಿರಬಹುದು, ಹುಲಿಗಿಯ ಕಣ್ಣು ಕೆಡುವುದುಂಟೆ? ಆದರೂ ನೀನು ನನ್ನ ಕಡೆ ತಿರುಗಿದೆ. ಒಬ್ಬಳನ್ನು ಕೇಳಿದೆ. ನನ್ನನ್ನು.

'ರತ್ನಿ, ನೀ ಹೇಳ್ಲೇ. ನಿನಗೂ ಹಂಗ ಕಾಣ್ತೈತೇನ್?'

ಆ ಕ್ಷಣವನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಇಲ್ಲ ಎಂದಿದ್ದರೆ — ಒಂದೇ ಒಂದು 'ಇಲ್ಲ'. ನೀನು ಕಣ್ಣುಜ್ಜಿಕೊಳ್ಳುತ್ತಿದ್ದೆ, ಮನೆಗೆ ಬಂದು ಯೋಚಿಸುತ್ತಿದ್ದೆ, ಒಂದು ವಾರದಲ್ಲಿ ಯಾವುದಾದರೂ ಕಣ್ಣಿನ ಡಾಕ್ಟರ ಮುಂದೆ ಕೂತಿರುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಥಟ್ಟನೆ ಓಡಿದ ಲೆಕ್ಕ ಬೇರೆ. ಮೂರು ಮಾನಿಟರಿನಲ್ಲೂ ಮಂಕಾದರೆ ತಪ್ಪು ಮಾನಿಟರಿನದಲ್ಲ, ಅಂಗಡಿಯ ಕಂಪ್ಯೂಟರಿನಲ್ಲಿರುವ ಸಣ್ಣ ಕಾರ್ಡಿನದು. ಹಾಗೆಂದರೆ ನೀನು ದೊಡ್ಡ ಕಾರ್ಡಿಗೆ ಒಪ್ಪುತ್ತೀಯೆ!

'ಹೂಂ, ನನಗೂ ಮಂಕು ಕಾಣ್ತೈತಿ' ಎಂದೆ. 'ಕಾರ್ಡಿನ ತಪ್ಪು ಅದು. ಸಣ್ಣ ಕಾರ್ಡು ತಗೊಂಡ್ರ ಹಿಂಗ ಆಗೋದು.'

ಅಂಗಡಿಯವರು ಬಿಲ್ಲು ಬರೆದರು. ಮೂರು ಫ್ಯಾನಿನ ಕಾರ್ಡು, ಸಣ್ಣ ಮಾನಿಟರ್. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಟ ಗೆದ್ದ ಮಗುವಿನಂತೆ ಕುಣಿಯುತ್ತಿದ್ದೆ. ನೀನು ನಗುತ್ತಾ ನೋಡುತ್ತಿದ್ದೆ.

ಆಗ ನನಗೆ ರೋಗದ ವಿಷಯ ಗೊತ್ತಿರಲಿಲ್ಲ ಎಂದು ಬರೆದು ಇಲ್ಲಿಗೆ ನಿಲ್ಲಿಸಬಹುದು. ಅದು ನಿಜವೂ ಹೌದು, ಆ ದಿನದ ಮಟ್ಟಿಗೆ. ಆದರೆ ನಾನು ಅಲ್ಲಿಗೇ ನಿಂತವಳಲ್ಲ.

ಹೊಸ ಕಾರ್ಡು ಹಾಕಿದ ಮೇಲೂ ನಿನಗೆ ಮೇಲಂಚು ಮಂಕಾಗಿಯೇ ಕಂಡಿತು. ಸೆಟ್ಟಿಂಗ್ ಸರಿ ಮಾಡಬೇಕು ಎಂದು ನಾನು ಏನೇನೋ ಒತ್ತಿದಂತೆ ಮಾಡಿದೆ. ಸ್ವಲ್ಪ ದಿನಕ್ಕೆ ನೀನು ಆ ಮಾತು ಬಿಟ್ಟೆ, ಗದ್ದ ಎತ್ತಿ ನೋಡುವುದನ್ನು ರೂಢಿ ಮಾಡಿಕೊಂಡೆ. ನಿಮ್ಮ ಶಾಲೆಯಲ್ಲಿ ಹುಲಿಗೆಮ್ಮ ಮೇಡಂಗೆ ಸೊಕ್ಕು ಬಂದಿದೆ, ತಲೆ ಎತ್ತಿಕೊಂಡೇ ತಿರುಗುತ್ತಾರೆ ಎಂದು ಆಡಿಕೊಂಡರಂತೆ. ನೀನೇ ಬಂದು ಹೇಳಿ ನಕ್ಕೆ. ನಾನೂ ನಕ್ಕೆ.

ಆಮೇಲೆ ಆ ಆಟ. ಪಾಳುಬಿದ್ದ ಊರಿನಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವುದು — ಪರದೆಯ ಎಡ ಅರ್ಧ ನಿನ್ನದು, ಬಲ ಅರ್ಧ ನನ್ನದು. ಮೊದಮೊದಲು ನೀನೇ ಗೆಲ್ಲುತ್ತಿದ್ದೆ, ನಿನ್ನ ಕೈ ಅಷ್ಟು ಚುರುಕು. ಒಂದು ದಿನ ನಾನು ಒಂದು ಮಾಳಿಗೆ ಹತ್ತಿ ನಿಂತೆ. ನೀನು ನನ್ನ ಕೆಳಗೇ ಮೂರು ಸಲ ಓಡಾಡಿದೆ. ನಿನ್ನ ಅರ್ಧ ಪರದೆಯ ಮೇಲ್ಭಾಗದಲ್ಲಿ ನಾನು ಕಂಬದ ಹಾಗೆ ನಿಂತಿದ್ದೇನೆ, ನೀನು ಓಣಿ ಓಣಿ ಹುಡುಕುತ್ತಿದ್ದೀಯೆ. ಆಟ ನಿಲ್ಲಿಸಿದೆ. ನೀನು ಅಂಕಗಳ ಪಟ್ಟಿ ಓದುತ್ತಿದ್ದಾಗ ಮೌಸಿನ ಬಾಣವನ್ನು ಪರದೆಯ ಮೇಲಂಚಿನಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದಾಡಿದೆ. ನಿನಗೆ ತಿಳಿಯಲಿಲ್ಲ. ಕೆಳಗೆ ತಂದ ಕೂಡಲೇ 'ಏ, ಸುಮ್ನಿರ್ಲೇ, ಓದಾಕ ಬಿಡು' ಎಂದೆ.

ಅವತ್ತು ನನಗೆ ಗೊತ್ತಾಯಿತು. ಇದು ಪರದೆಯದಲ್ಲ, ಕಾರ್ಡಿನದಲ್ಲ.

ಮರುದಿನ ನಾನು ಮತ್ತೆ ಮಾಳಿಗೆ ಹತ್ತಿದೆ, ಹುಲಿಗಿ. ಅದರ ಮರುದಿನವೂ. ತಿಂಗಳುಗಟ್ಟಲೆ ಗೆದ್ದೆ. ಈಗ ಹೇಳಿದರೆ ಅಂಗಡಿಯ ಸುಳ್ಳು ಹೊರಬೀಳುತ್ತದೆ, ನಾಳೆ ಹೇಳೋಣ, ಇನ್ನೊಂದು ಭಾನುವಾರ ಹೇಳೋಣ — ಹೀಗೆ ಮುಂದೂಡುತ್ತಾ ಆಟದಲ್ಲಿ ಮಾತ್ರ ಗೆಲ್ಲುತ್ತಾ ಹೋದೆ. ಮೈದಾನದಲ್ಲಿ ಮೇಲಿನಿಂದ ಬಂದ ವಾಲಿಬಾಲ್ ನಿನ್ನ ಮೂಗಿಗೆ ಬಡಿದು ರಕ್ತ ಬಂದ ದಿನ ಹತ್ತಿ ಒತ್ತಿದವಳು ನಾನೇ. 'ಬಿಸಿಲು ಕಣ್ಣಿಗಿ ಬಿತ್ತು' ಎಂದೆ ನೀನು. ಮೋಡ ಮುಚ್ಚಿದ ದಿನ ಅದು. ನಾನು ಹೌದು ಎಂದೆ.

ಒಂದೂವರೆ ವರ್ಷ ಹೀಗೆ ಹೋಯಿತು. ನಿಮ್ಮ ಶಾಲೆಗೆ ಮಕ್ಕಳ ಕಣ್ಣು ನೋಡಲು ಬಂದ ಡಾಕ್ಟರು, ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ ನಿನ್ನ ಎತ್ತಿದ ಗದ್ದ ನೋಡಿ ಸಂಶಯಪಟ್ಟು ದಾವಣಗೆರೆಗೆ ಕಳಿಸಿದರು. ನಾನೂ ಜೊತೆಗೆ ಬಂದೆ. ಗ್ಲಾಕೋಮಾ ಎಂದರು ಅಲ್ಲಿ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗುತ್ತಾ ಬರುತ್ತದಂತೆ, ನೋವಿಲ್ಲ, ಹೋದ ನೋಟ ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. 'ಮೇಲ್ಗಡೆ ಮಂಕು ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ? ಮೊದಲೇ ಬಂದಿದ್ರೆ ಇಷ್ಟು ಹೋಗ್ತಿರಲಿಲ್ಲ' ಎಂದರು ಅಲ್ಲಿಯ ಡಾಕ್ಟರು.

ನೀನು ಏನು ಹೇಳಿದೆ ಗೊತ್ತೆ? 'ಇಲ್ರಿ ಸರ್, ಅದು ಕಂಪ್ಯೂಟರಿನ ತಪ್ಪು ಅಂತ ಬಿಟ್ಟೀವ್ರಿ. ಇಕಿಗೂ ಹಂಗ ಕಾಣ್ತಿತ್ರಿ.' ಹೇಳುತ್ತಾ ಹೇಳುತ್ತಾ ನಿನ್ನ ಮುಖ ಬೆಳ್ಳಗಾಯಿತು. ನನ್ನ ಕೈ ಹಿಡಿದುಕೊಂಡೆ. 'ಸರ್, ಮೊದಲ ಇಕಿ ಕಣ್ಣು ನೋಡ್ರಿ.'

ನಿನ್ನ ನೋಟ ಹೋದ ಸುದ್ದಿ ಕೇಳಿದ ಗಳಿಗೆಯಲ್ಲಿ ನೀನು ಹೆದರಿದ್ದು ನನಗಾಗಿ.

ನನ್ನನ್ನು ಆ ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಎಲ್ಲ ಬೆಳಕೂ ಕಂಡವು ನನಗೆ. ಮೇಲಿನವೂ ಕಂಡವು, ಒಂದೊಂದೂ. ಒತ್ತಿದರೆ ನನ್ನ ಕಣ್ಣು ನೆಟ್ಟಗಿದೆ ಎಂದಾಗುತ್ತದೆ, ಹಾಗಾದರೆ ಅಂಗಡಿಯಲ್ಲಿ ಹೂಂ ಎಂದದ್ದೇಕೆ ಎಂದು ನೀನು ಕೇಳುತ್ತೀಯೆ. ಮೇಲಿನ ಬೆಳಕುಗಳಿಗೆ ನಾನು ಬೆರಳು ಆಡಿಸಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಕಣ್ಣು ಬಿಟ್ಟುಕೊಂಡು, ಕುರುಡಿಯಂತೆ ನಟಿಸಿದೆ — ನಿಜವಾಗಿ ನೋಟ ಕಳೆದುಕೊಂಡವಳು ಬಾಗಿಲ ಪರದೆಯ ಆಚೆ ಬೆಂಚಿನ ಮೇಲೆ ನನಗಾಗಿ ದೇವರಿಗೆ ಹರಕೆ ಹೊರುತ್ತಿದ್ದಾಗ.

ಒತ್ತಡ ಸರಿ ಇದೆ, ಮೊದಲ ಸಲ ಈ ಪರೀಕ್ಷೆ ತಪ್ಪುವುದುಂಟು, ಇನ್ನೊಮ್ಮೆ ಬನ್ನಿ ಎಂದರು. ನಾನು ಹೋಗಲಿಲ್ಲ. ಹೋಗಿ ಬಂದೆ, ನನಗೂ ಹನಿ ಕೊಟ್ಟಿದ್ದಾರೆ ಎಂದು ನಿನಗೆ ಹೇಳಿದೆ. ಹಡಗಲಿಯ ಕಾಲೇಜಿಗೆ ವರ್ಗ ಕೇಳಿ ಪಡೆದದ್ದೂ ಅದಕ್ಕೇ. ಒಂದೇ ಮನೆಯಲ್ಲಿದ್ದರೆ ಬಾಟಲಿ ತೋರಿಸಬೇಕಾಗುತ್ತಿತ್ತು. ಹೊರಡುವಾಗ ನೀನು ಕಂಪ್ಯೂಟರನ್ನು ನನ್ನ ಜೊತೆಗೇ ಕಳಿಸಿದೆ. 'ನಿನ್ನ ಕಣ್ಣು ಇನ್ನೂ ಸ್ವಲ್ಪ ಚಲೋ ಅದಾವ, ನೀನರ ಆಡು' ಎಂದೆ.

ಅದು ನನ್ನ ಕೋಣೆಯ ಮೂಲೆಯಲ್ಲಿದೆ. ಮೇಲೆ ಹಳೇ ಸೀರೆ ಮುಚ್ಚಿದ್ದೇನೆ. ಒಂದೆರಡು ಸಲ ಹಚ್ಚಿದೆ. ಮೂರು ಫ್ಯಾನು ತಿರುಗುತ್ತವೆ, ಚಿತ್ರ ಬರುತ್ತದೆ, ನನ್ನ ಕಣ್ಣು ಮೇಲಂಚಿಗೇ ಹೋಗಿ ನಿಲ್ಲುತ್ತದೆ. ಕೆಳಗೆ ಆಟ ನಡೆಯುತ್ತಿದ್ದರೂ ನನಗೆ ಬೇರೆ ಏನೂ ಕಾಣುವುದಿಲ್ಲ. ಆರಿಸಿದ ಮೇಲೂ ಆ ಕಪ್ಪು ಗಾಜಿನ ಮೇಲ್ಭಾಗದಲ್ಲಿ ಸಣ್ಣ ಬೆಳಕುಗಳು ಮಿನುಗಿದಂತಾಗುತ್ತದೆ, ಬೆರಳು ತಾನೇ ಮಡಚಿಕೊಳ್ಳುತ್ತದೆ. ಕಾಲೇಜಿನಲ್ಲಿ ಯಾರಾದರೂ ಗದ್ದ ಎತ್ತಿ ಮಾತಾಡಿದರೆ ಅಲ್ಲಿಂದ ಎದ್ದು ಹೋಗುತ್ತೇನೆ. ಇದನ್ನು ಹೇಳಿಕೊಂಡು ನಿನ್ನ ಮರುಕ ಬೇಡುತ್ತಿಲ್ಲ. ಇದು ನನಗೆ ತಕ್ಕದ್ದೇ.

ಇಷ್ಟು ವರ್ಷ ಹೇಳದವಳು ಇವತ್ತು ಯಾಕೆ ಬರೆಯಲು ಕೂತೆ ಎಂದರೆ — ಮೊನ್ನೆ ಭಾನುವಾರ ನೀನು ಹೇಳಿದ ಮಾತು. ಹನಿಯಿಂದ ಒತ್ತಡ ನಿಲ್ಲುತ್ತಿಲ್ಲ, ಉಳಿದ ನೋಟ ಉಳಿಯಬೇಕಾದರೆ ಬೇಗ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರೂ ನೀನು ಒಲ್ಲೆ ಎಂದು ಎದ್ದು ಬಂದೆಯಂತೆ. ಯಾಕೆ ಎಂದು ಕೇಳಿದೆ. 'ನಿನಗ ಮೂರು ವರ್ಷದಿಂದ ಹನಿಯೊಳಗ ನಿಂತೈತಲ್ಲಲೇ. ನಿನ್ನ ಕಣ್ಣು ನೋಡೇ ನಾ ಧೈರ್ಯ ತಗೊಂಡೀನಿ. ನನಗೂ ನಿಲ್ತೈತಿ ತಗೋ.'

ಒಂದು ಸಲ ನನ್ನ ಸುಳ್ಳನ್ನು ನಂಬಿ ಅರ್ಧ ನೋಟ ಕಳೆದುಕೊಂಡೆ. ಈಗ ಅದನ್ನೇ ನಂಬಿ ಉಳಿದರ್ಧವನ್ನೂ ಒತ್ತೆ ಇಡುತ್ತಿದ್ದೀಯೆ. ನಿಂತ ರೋಗ ಯಾವುದೂ ಇಲ್ಲ, ಹುಲಿಗಿ. ಇಲ್ಲದ ರೋಗ ನಿಲ್ಲುವುದೇನು ಬಂತು.

ಈ ಪುಟಗಳನ್ನು ನಿನ್ನ ಫೋನಿಗೆ ಕಳಿಸಿ, ಅದರ ಯಂತ್ರದ ದನಿಯಲ್ಲಿ ಓದಿಸಿಬಿಡೋಣ ಎಂದು ಒಮ್ಮೆ ಅಂದುಕೊಂಡೆ. ಅದೂ ನುಣುಚಿಕೊಳ್ಳುವುದೇ. ನಾನೇ ಬಂದು, ನಿನ್ನ ಎದುರು ಕೂತು, ನನ್ನ ಬಾಯಿಂದಲೇ ಓದುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೆ ಸರಿ. ಬಾಗಿಲಾಚೆ ಕಳಿಸಿದರೂ ಸರಿ. ಆಪರೇಷನ್ನಿಗೆ ಹೋಗು. ನನ್ನ ಜೊತೆ ಬೇಡ, ನಿಮ್ಮಪ್ಪನ ಜೊತೆ ಹೋಗು, ಆದರೆ ಹೋಗು.

ಇಷ್ಟು ಬರೆಯುವಷ್ಟರಲ್ಲಿ ಏಳಾಗಿ ನಿನ್ನ ಫೋನ್ ಬಂತು. ಎಂದಿನ ಮಾತು — ಹನಿ ಹಾಕ್ಕೊಂಡೇನ್ಲೇ?

'ಇಲ್ಲ' ಎಂದೆ. ಮೂರು ವರ್ಷದಲ್ಲಿ ಮೊದಲ ಸಲ. 'ನನ್ನ ಹತ್ರ ಹನಿ ಇಲ್ಲ, ಹುಲಿಗಿ. ನಾಳೆ ಬರ್ತೀನಿ. ಕುಂತು ಹೇಳೋದೈತಿ.'

ನೀನು ಎಂದೆ:

'ಮುಗದಾವೇನ್? ಅದಕ್ಯಾಕ ಅಳಾಕ ಹತ್ತಿ? ನನ್ನ ಹತ್ರ ಒಂದು ಬಾಟ್ಲಿ ಹೆಚ್ಚಿಗಿ ಐತಿ. ನಿನಗಂತ ತಗದಿಡ್ತೀನಿ, ಬಾ.'

ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ.