ಹೆಬ್ಬೆರಳಿನ ಕೆಳಗಿನ ಊರು

ಗಿರಿಜ ನಕ್ಷೆ ನೋಡುತ್ತಿದ್ದುದೇ ಹಾಗೆ, ಒಂದು ಊರನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ನೋಡುವಳು. ಶಿವಮೊಗ್ಗದ ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಾಗಿನಿಂದಲೂ ಆ ಉಗುರಿನ ಸಂದಿನಲ್ಲಿ ಶಾಯಿಯ ಗೆರೆ. ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುತ್ತಿದ್ದವಳು ನಾನು. ಮೈಸೂರಿಗೆ ಓದಲು ಹೋದವಳು ಅವಳು. ಅವಳು ಹೋದ ಬೇಸಿಗೆಯಲ್ಲೇ ನನಗೆ ಮದುವೆಯಾಯಿತು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಗಿರಿಜ ಸಂಶೋಧನೆಗೆಂದು ಶಿವಮೊಗ್ಗಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ಬರದಿದ್ದರೆ ಅಲ್ಲಿಯ ಜನ ಹೇಗಿರುತ್ತಿದ್ದರು ಎಂಬುದು ಅವಳ ವಿಷಯ.

"ಆಗದೇ ಇದ್ದಿದ್ದನ್ನ ಯಾರಾದ್ರೂ ಓದ್ತಾರೇನೇ?" ಎಂದೆ.

"ಆಗಿದ್ದರ ತೂಕ ಗೊತ್ತಾಗೋದೇ ಹಾಗೆ, ಮಾರಾಯ್ತಿ. ಆದ್ರೆ ಒಂದನ್ನೇ ತೆಗೀಬೇಕು. ಎರಡು ತೆಗೆದ್ರೆ ಅದು ಬರೀ ಕತೆ."

ನಮ್ಮ ಯಜಮಾನರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಸಾರು ಬಡಿಸುತ್ತಿದ್ದ ನಾನು, ಅವಳ ಸೀರೆಯಂಚಿನ ಹೊಲಿಗೆ ಬಿಚ್ಚಿಕೊಂಡಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡೆ.

ಭದ್ರಾವತಿಯ ಜನ್ನಾಪುರಕ್ಕೆ ಅವಳ ಜೊತೆಗೆ ಹೋದೆ. ಕಾರ್ಖಾನೆಯ ಕೆಲಸಗಾರನೊಬ್ಬನ ತಾಯಿಯನ್ನು ಹೊಸ್ತಿಲಲ್ಲೇ ಕೇಳಿಬಿಟ್ಟಳು: "ಕಾರ್ಖಾನೆ ಒಲೆ ಹೊತ್ತದೇ ಹೋಗಿದ್ದಿದ್ರೆ ನಿಮ್ಮ ಮಗನ ಗತಿ ಏನಾಗ್ತಿತ್ತು, ಅಜ್ಜಿ?"

ಮುದುಕಿ ಮೊರ ಕೆಳಗಿಟ್ಟಳು. "ನನ್ನ ಮಗನ ಅನ್ನ ಕಣವ್ವ ಆ ಬೆಂಕಿ. ಬಿಡ್ತು ಅನ್ನು."

ಗಿರಿಜ ನಕ್ಕಳು, ಅನ್ನಲಿಲ್ಲ. ಆ ಬೀದಿಯಲ್ಲಿ ಮತ್ತೆ ಯಾರೂ ಅವಳ ಜೊತೆ ಮಾತಾಡಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ನಾನೇ ಹೇಳಿದೆ: "ಕಾರ್ಖಾನೆ ಬರದ ಊರಲ್ಲಿ ಕೇಳು. ಹೊಳಲೂರಿದೆಯಲ್ಲ? ಅಲ್ಲೂ ಹೊಳೆ, ಅಲ್ಲೂ ಗದ್ದೆ. ಇಲ್ಲದಿರೋದು ಅದೊಂದೇ."

ನಕ್ಷೆಯ ಮೇಲೆ ಅವಳ ಹೆಬ್ಬೆರಳು ನಿಂತಿತು. ಮೂರು ತಿಂಗಳು ಹೊಳಲೂರಿಗೆ ಓಡಾಡಿ ಬರೆದಳು. ಪ್ರಬಂಧ ಅಚ್ಚಾಯಿತು. ಮುನ್ನುಡಿಯಲ್ಲಿ ನನ್ನ ಹೆಸರೂ ಇತ್ತು, ಊಟ ಹಾಕಿದ್ದಕ್ಕೆ.

ಪುಸ್ತಕ ಕೊಡಲು ಬಂದವಳನ್ನು ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ಅವಳು ರೈಲು ಹತ್ತಿ ಕೂತ ಮೇಲೆ ಕೇಳಿದೆ: "ನಾವಿಬ್ಬರೂ ಒಂದೇ ಬೆಂಚು, ಒಂದೇ ಪಾಠ. ನನಗೆ ಮದುವೆಯಾಗಿ ಓದು ನಿಂತಿದ್ದೊಂದೇ ಬೇರೆ. ನಾನು ನಿನ್ನ ಹೊಳಲೂರು, ಅಲ್ವೇನೇ?"

ಕಿಟಕಿಯ ಸರಳು ಹಿಡಿದಿದ್ದ ಗಿರಿಜ ನಗಲಿಲ್ಲ. "ಬಿಡ್ತು ಅನ್ನೇ," ಎಂದಳು, ಥೇಟ್ ಜನ್ನಾಪುರದ ಆ ಮುದುಕಿಯ ಹಾಗೆ.

ನಾನು ಅನ್ನಲಿಲ್ಲ. ರೈಲು ಹೊರಟಿತು.

ಮರುವರ್ಷ ಮೈಸೂರಿನಲ್ಲಿ ವಿಷಮಶೀತ ಜ್ವರ ಬಂದು ಗಿರಿಜ ತೀರಿಹೋದಳು. ಆ ದಿನ ನಾನು 'ಬಿಡ್ತು' ಅಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಅವಳ ನಿಯಮದಂತೆ ಅದೊಂದನ್ನೇ ಬದಲಿಸುತ್ತೇನೆ. ನನ್ನ ಹೊಟ್ಟೆಕಿಚ್ಚನ್ನು ಇದ್ದ ಹಾಗೇ ಇಡುತ್ತೇನೆ.